ಎಂಬತ್ತೈದು ದಾಟಿದ ಮೇಲೆ ಬಿಪಿಯ ಲೆಕ್ಕ ತಿರುವುಮುರುವು!

ಲೈಡನ್ ಎಂಬುದು ನೆದರ್ಲೆಂಡ್ಸ್ ದೇಶದ ಹಳೆಯ ವಿಶ್ವವಿದ್ಯಾಲಯವಿರುವ ಊರು. 1997ರಿಂದ 1999ರವರೆಗೆ ಆ ಊರಿನಲ್ಲಿ ಯಾರಿಗೇ 85 ತುಂಬಲಿ, ಅವರನ್ನು ಸಂಶೋಧಕರು ಹುಡುಕಿಕೊಂಡು ಹೋಗುತ್ತಿದ್ದರು. ಗಟ್ಟಿಮುಟ್ಟಾಗಿ ಓಡಾಡುವವರು ಬೇಕು, ಹಾಸಿಗೆ ಹಿಡಿದವರು ಬೇಕು, ಮಕ್ಕಳ ಹೆಸರೇ ಮರೆತವರೂ ಬೇಕು. ಯಾರನ್ನೂ ಕೈಬಿಡುವಂತಿಲ್ಲ ಎಂಬುದೇ ಆ ಅಧ್ಯಯನದ ಕಟ್ಟಳೆ. 1912ರಿಂದ 1914ರ ನಡುವೆ ಹುಟ್ಟಿದವರಲ್ಲಿ ಅಲ್ಲಿಯವರೆಗೆ ಉಳಿದಿದ್ದ 705 ಜನರನ್ನು ಕೇಳಿದರು. 599 ಜನ ಒಪ್ಪಿದರು. ಮೊದಲ ಮಹಾಯುದ್ಧ ಶುರುವಾದಾಗ ಇನ್ನೂ ಎಳೆಗೂಸುಗಳಾಗಿದ್ದವರು ಇವರು. 1918ರ ಇನ್‌ಫ್ಲುಯೆಂಜಾ ಮಾರಿಯಿಂದ ಪಾರಾದವರು. 1944–45ರ ಚಳಿಗಾಲದಲ್ಲಿ ನಾಜಿಗಳ ದಿಗ್ಬಂಧನಕ್ಕೆ ಸಿಕ್ಕಿ ಪಶ್ಚಿಮ ನೆದರ್ಲೆಂಡ್ಸಿನ ಜನ ಟ್ಯೂಲಿಪ್ ಗೆಡ್ಡೆ ಬೇಯಿಸಿ ತಿಂದರಲ್ಲ, ಆಗ ಇವರಿಗೆ ಮೂವತ್ತರ ವಯಸ್ಸು.

ನರ್ಸ್ ಇವರ ಮನೆಗೇ ಹೋಗಿ ಐದು ನಿಮಿಷ ಸುಮ್ಮನೆ ಕೂರಿಸಿ, ತೋಳಿಗೆ ಪಟ್ಟಿ ಸುತ್ತಿ, ಪಾದರಸದ ಮೀಟರಿನಲ್ಲಿ ಬಿಪಿ ನೋಡುತ್ತಿದ್ದಳು. ಒಂದೇ ಸಲ ನೋಡಿ ನಂಬುವಂತಿಲ್ಲ. ಎರಡು ವಾರ ಬಿಟ್ಟು ಮತ್ತೆ ಹೋಗಿ ನೋಡಬೇಕು. ಬರೆದಿಟ್ಟ ಅಂಕಿಗಳನ್ನು ಹಿಡಿದುಕೊಂಡು ಸಂಶೋಧಕರು ಕಾದರು. ಯಾರು ಯಾವಾಗ ತೀರಿಕೊಂಡರು ಎಂಬುದನ್ನು ವರ್ಷ ವರ್ಷ ದಾಖಲಿಸಿದರು.

2006ರಲ್ಲಿ ಆ ಲೆಕ್ಕ ಪ್ರಕಟವಾದಾಗ ವೈದ್ಯಲೋಕ ಅರ್ಧ ಶತಮಾನದಿಂದ ಪಠಿಸುತ್ತ ಬಂದ ಪಾಠ ತಿರುವುಮುರುವಾಗಿ ನಿಂತಿತ್ತು. 85ರ ವಯಸ್ಸಿನಲ್ಲಿ ಬಿಪಿ ಹೆಚ್ಚಿದ್ದವರು ಬೇಗ ಸಾಯಲಿಲ್ಲ. ಬೇಗ ಸತ್ತವರು ಬಿಪಿ ಕಡಿಮೆ ಇದ್ದವರು! ಯಾವುದನ್ನು ನಾವು ‘ನಾರ್ಮಲ್’ ಎಂದು ಸಂತೋಷಪಡುತ್ತೇವೋ, ಆ 140/70ರ ಕೆಳಗೆ ಇದ್ದವರಲ್ಲೇ ಸಾವು ಹೆಚ್ಚು. ಅವರಿಗೆ ಹಿಂದೆ ಬಿಪಿ ಕಾಯಿಲೆ ಇತ್ತೋ ಇಲ್ಲವೋ ಎಂದು ನೋಡಿದರೂ ಫಲಿತಾಂಶ ಬದಲಾಗಲಿಲ್ಲ.

ಇದನ್ನು ಮೊದಲ ಸಲ ಓದಿದಾಗ ನನಗೆ ನಂಬಿಕೆಯೇ ಬರಲಿಲ್ಲ. ಯಾಕೆ ಬರಬೇಕು? ಬಿಪಿಯ ಬಗ್ಗೆ ವೈದ್ಯವಿಜ್ಞಾನದ ಬಳಿ ಇರುವಷ್ಟು ಗಟ್ಟಿಯಾದ ಸಾಕ್ಷ್ಯ ಬೇರೆ ಯಾವ ಸಂಗತಿಯ ಬಗ್ಗೆಯೂ ಇರಲಿಕ್ಕಿಲ್ಲ. 2002ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಬಂದ ಲೆಕ್ಕವನ್ನೇ ನೋಡಿ. 61 ಅಧ್ಯಯನಗಳನ್ನು ಒಟ್ಟು ಸೇರಿಸಿ, ಹತ್ತು ಲಕ್ಷ ಜನರ ಬಿಪಿಯನ್ನೂ ಅವರ ಸಾವನ್ನೂ ಪಕ್ಕಪಕ್ಕ ಇಟ್ಟು ನೋಡಿದ ಮಹಾಲೆಕ್ಕ ಅದು. 40ರಿಂದ 69ರ ವಯಸ್ಸಿನವರಲ್ಲಿ ಮೇಲಿನ ಅಂಕಿ 20 ಏರಿತೆಂದರೆ ಹೃದಯಾಘಾತದಿಂದ, ಲಕ್ವದಿಂದ ಸಾಯುವ ಅಪಾಯ ಎರಡು ಪಟ್ಟು. ಇನ್ನೂ 20 ಏರಿದರೆ ನಾಲ್ಕು ಪಟ್ಟು. 115ರಿಂದಲೇ ಶುರುವಾಗುವ ಈ ಏರಿಕೆ ಎಲ್ಲೂ ತಗ್ಗದೆ ನೇರವಾಗಿ ಮೇಲಕ್ಕೆ ಹೋಗುತ್ತದೆ. ಆದರೆ ಅದೇ ಲೆಕ್ಕದಲ್ಲಿ ಇನ್ನೊಂದು ಸಂಗತಿಯೂ ಇತ್ತು. ವಯಸ್ಸು ಏರಿದ ಹಾಗೆ ಆ ನಂಟಿನ ಬಿಗಿ ಸಡಿಲವಾಗುತ್ತ ಹೋಗಿತ್ತು. ಎಂಬತ್ತರ ವಯಸ್ಸಿನವರಲ್ಲಿ ಗೆರೆ ಮೇಲಕ್ಕೇ ಹೋಗುತ್ತಿತ್ತು, ಆದರೆ ನಡುವಯಸ್ಸಿನಷ್ಟು ಕಡಿದಾದ ಏರಿಕೆ ಅದರಲ್ಲಿ ಇರಲಿಲ್ಲ.

ಲೈಡನ್ ಒಂಟಿಯಾಗಿದ್ದರೆ ಯಾವುದೋ ಆಕಸ್ಮಿಕ ಎಂದು ತಳ್ಳಿಹಾಕಬಹುದಿತ್ತು. ಫಿನ್ಲೆಂಡಿನ ಟಾಂಪೆರೆ ನಗರದಲ್ಲಿ 85 ದಾಟಿದವರನ್ನು ಐದು ವರ್ಷ ಹಿಂಬಾಲಿಸಿದ ವೈದ್ಯರು 1988ರಲ್ಲೇ ಇದನ್ನು ಕಂಡಿದ್ದರು. ಅಲ್ಲೂ ಅತಿ ಹೆಚ್ಚು ಸಾವು ಅತಿ ಕಡಿಮೆ ಬಿಪಿಯವರಲ್ಲೇ. ಅದೇ ದೇಶದ ವಾಂಟಾ, ಸ್ವೀಡನ್ನಿನ ಉಮಿಯೋ, ಹೀಗೆ ಊರಿಂದ ಊರಿಗೆ ಅದೇ ಚಿತ್ರ ಮರುಕಳಿಸಿತು. ಪೋಲೆಂಡಿನ ವೈದ್ಯರು ನೂರು ದಾಟಿದ 86 ಮಂದಿಯನ್ನು ಪರೀಕ್ಷಿಸಿದರು. ಅವರಲ್ಲಿ ಬಿಪಿ ಸ್ವಲ್ಪ ಏರಿದ್ದವರೇ ಹೆಚ್ಚು ಚುರುಕು, ಬುದ್ಧಿಶಕ್ತಿಯಲ್ಲೂ ಓಡಾಟದಲ್ಲೂ ಮುಂದು, ಮುಂದಿನ ಆರು ತಿಂಗಳು ಬದುಕುಳಿಯುವುದರಲ್ಲೂ ಮುಂದು. ನೂರೊಂದು ವರ್ಷದ ದೇಹದಲ್ಲಿ ಏರಿದ ಬಿಪಿ ಆರೋಗ್ಯದ ಗುರುತು!

ಹಾಗಾದರೆ ದೇಹದೊಳಗೆ ನಡೆಯುತ್ತಿರುವುದೇನು?

1733ಕ್ಕೆ ಹೋಗೋಣ. ಆ ವರ್ಷ ಸ್ಟೀಫನ್ ಹೇಲ್ಸ್ ಎಂಬ ಇಂಗ್ಲೆಂಡಿನ ಪಾದ್ರಿ ತನ್ನ ಪ್ರಯೋಗದ ವಿವರ ಪ್ರಕಟಿಸಿದ. ಹೆಣ್ಣು ಕುದುರೆಯೊಂದರ ತೊಡೆಯ ರಕ್ತನಾಳಕ್ಕೆ ಹಿತ್ತಾಳೆಯ ಕೊಳವೆ ಸೇರಿಸಿ, ಅದಕ್ಕೆ ಉದ್ದನೆಯ ಗಾಜಿನ ಕೊಳವೆಯನ್ನು ನೆಟ್ಟಗೆ ನಿಲ್ಲಿಸಿ ನೋಡಿದ್ದ. ರಕ್ತ ಆ ಕೊಳವೆಯಲ್ಲಿ 8 ಅಡಿ 3 ಅಂಗುಲ ಎತ್ತರಕ್ಕೆ ಚಿಮ್ಮಿ ನಿಂತು, ಎದೆಬಡಿತಕ್ಕೆ ಸರಿಯಾಗಿ ಏರಿಳಿಯುತ್ತಿತ್ತು. ಮನುಷ್ಯ ರಕ್ತದೊತ್ತಡವನ್ನು ಕಣ್ಣಾರೆ ಕಂಡಿದ್ದು ಆಗಲೇ. ಇಂದು ನಾವು ಪಾದರಸದ ಮಿಲಿಮೀಟರಿನಲ್ಲಿ ಹೇಳುವ 120 ಎಂಬ ಅಂಕಿಯನ್ನು ಹೇಲ್ಸನ ಗಾಜಿನ ಕೊಳವೆಗೆ ಹಾಕಿದರೆ ಒಂದೂವರೆ ಮೀಟರ್ ಎತ್ತರದ ರಕ್ತದ ಕಂಬವಾಗುತ್ತದೆ. 160 ಎಂದರೆ ಎರಡು ಮೀಟರ್! ನಮ್ಮೆಲ್ಲರ ಎದೆಯೊಳಗೆ ಮುಷ್ಟಿಗಾತ್ರದ ಒಂದು ಸ್ನಾಯು ದಿನಕ್ಕೆ ಒಂದು ಲಕ್ಷ ಸಲ ಈ ಕಂಬವನ್ನು ಎತ್ತಿ ನಿಲ್ಲಿಸುತ್ತದೆ. ನೂರು ವರ್ಷ ಬದುಕಿದವರ ಹೃದಯ 360 ಕೋಟಿಗೂ ಹೆಚ್ಚು ಸಲ ಬಡಿದಿರುತ್ತದೆ, ಒಂದು ದಿನದ ರಜೆಯೂ ಇಲ್ಲದೆ.

ಆ ಹೃದಯಕ್ಕೆ ಜೊತೆಯಾಗಿ ನಿಲ್ಲುವುದು ಮಹಾಪಧಮನಿ. ಅದರ ಗೋಡೆಯಲ್ಲಿ ಎಲಾಸ್ಟಿನ್ ಎಂಬ ಪ್ರೋಟೀನಿನ ಎಳೆಗಳಿವೆ. ಹೃದಯ ಹಿಂಡಿದಾಗ ಹಿಗ್ಗಿ, ಸಡಿಲವಾದಾಗ ಕುಗ್ಗಿ ರಕ್ತವನ್ನು ಮುಂದಕ್ಕೆ ನೂಕುವುದು ಈ ಎಳೆಗಳ ಕೆಲಸ. ಬೆರಗಾಗುವ ಮಾತು ಮುಂದಿದೆ. ಚರ್ಮ ಹೊಸದಾಗುತ್ತದೆ, ರಕ್ತಕಣ ಹೊಸದಾಗುತ್ತದೆ, ಮೂಳೆಯೂ ಸವೆದು ಮತ್ತೆ ಕಟ್ಟಿಕೊಳ್ಳುತ್ತದೆ. ಆದರೆ ಎಲಾಸ್ಟಿನ್ ಹೆಚ್ಚುಕಡಿಮೆ ಪೂರ್ತಿ ತಾಯಿಯ ಹೊಟ್ಟೆಯಲ್ಲಿದ್ದಾಗ ಮತ್ತು ಎಳೆಯ ಬಾಲ್ಯದಲ್ಲಿ ಒಮ್ಮೆ ಹೆಣೆದು ಮುಗಿಯುತ್ತದೆ. ಆಮೇಲೆ ಅದೇ ಎಳೆಗಳಲ್ಲಿ ಇಡೀ ಬದುಕು ಸಾಗಬೇಕು. ಅದರ ಅರ್ಧ ಭಾಗ ಸವೆಯಲು ಸುಮಾರು ಎಪ್ಪತ್ತು ವರ್ಷ ಹಿಡಿಯುತ್ತದೆ ಎಂಬುದು ವಿಜ್ಞಾನಿಗಳ ಅಂದಾಜು. ತೊಂಬತ್ತರ ಅಜ್ಜಿಯ ಎದೆಯಲ್ಲಿ ಹಿಗ್ಗಿ ಕುಗ್ಗುತ್ತಿರುವುದು ಆಕೆ ಕೂಸಾಗಿದ್ದಾಗ ಹೆಣೆದ ಎಳೆ!

ಆ ಎಳೆಗಳು ಮುರಿಯುತ್ತ, ನಾಳದ ಗೋಡೆಯಲ್ಲಿ ಸುಣ್ಣದ ಅಂಶ ಸೇರುತ್ತ ಹೋದಂತೆ ನಾಳ ಬಿರುಸಾಗುತ್ತದೆ. ತೋಟಕ್ಕೆ ನೀರು ಹಾಯಿಸುವ ಹಳೆಯ ರಬ್ಬರ್ ಪೈಪು ಬಿಸಿಲಿಗೆ ಗಡುಸಾಗುವುದನ್ನು ಕಂಡವರಿಗೆ ಇದು ಗೊತ್ತಾಗುತ್ತದೆ. ಹಿಗ್ಗದ ನಾಳದೊಳಗೆ ಹೃದಯ ಅಷ್ಟೇ ರಕ್ತ ನೂಕಿದರೂ ಒತ್ತಡ ಜಿಗಿಯುತ್ತದೆ. ಹಾಗಾಗಿ ಮುಪ್ಪಿನಲ್ಲಿ ಮೇಲಿನ ಅಂಕಿ ಏರುತ್ತದೆ. ಕುಗ್ಗುವ ಶಕ್ತಿಯೂ ಹೋಗಿರುವುದರಿಂದ ಕೆಳಗಿನ ಅಂಕಿ ಇಳಿಯುತ್ತದೆ. 170/70 ಎಂಬಂಥ ಬಿಪಿ ಮುದುಕರಲ್ಲೇ ಹೆಚ್ಚಾಗಿ ಕಾಣುವುದು ಇದಕ್ಕೆ.

ಇನ್ನು ಮೆದುಳಿನ ಕಡೆಯಿಂದ ಯೋಚಿಸಿ. ಎದ್ದು ನಿಂತಾಗ ಮೆದುಳು ಹೃದಯಕ್ಕಿಂತ ಒಂದಡಿಯಷ್ಟು ಮೇಲಿರುತ್ತದೆ. ಆ ಒಂದಡಿ ಏರುವಷ್ಟರಲ್ಲಿ ಒತ್ತಡ ಇಪ್ಪತ್ತು ಮಿಲಿಮೀಟರಿಗೂ ಹೆಚ್ಚು ಕಡಿಮೆಯಾಗುತ್ತದೆ. ಹರೆಯದವರಲ್ಲಿ ಮೆದುಳಿನ ಸಣ್ಣ ನಾಳಗಳು ಕೂಡಲೇ ಹಿಗ್ಗಿ ಕೊರತೆ ತುಂಬಿಕೊಳ್ಳುತ್ತವೆ. ಬಿರುಸಾದ ನಾಳಗಳಿಗೆ ಆ ಚುರುಕು ಎಲ್ಲಿಂದ ಬರಬೇಕು? ತೊಂಬತ್ತು ವರ್ಷದವರ ಮೆದುಳಿಗೆ ರಕ್ತ ತಲುಪಬೇಕಾದರೆ ಕೆಳಗಿನಿಂದ ನೂಕುವ ಬಲ ಸ್ವಲ್ಪ ಜಾಸ್ತಿಯೇ ಬೇಕಾಗಬಹುದು ಎಂಬ ವಾದ ಇಲ್ಲಿಂದ ಹುಟ್ಟಿತು. ಅಷ್ಟು ಬಲ ಕೊಡಬೇಕಾದರೆ ಹೃದಯ ಗಟ್ಟಿಯಾಗಿರಬೇಕಲ್ಲ! ಸೋತ ಹೃದಯಕ್ಕೆ ಬಿಪಿ ಏರಿಸಲು ತ್ರಾಣವೇ ಇರುವುದಿಲ್ಲ. ಅಂದರೆ ಐವತ್ತರಲ್ಲಿ ‘ನಾಳಗಳು ಹಾಳಾಗುತ್ತಿವೆ’ ಎಂದು ಎಚ್ಚರಿಸುವ ಅಂಕಿಯೇ ತೊಂಬತ್ತೈದರಲ್ಲಿ ‘ಹೃದಯ ಇನ್ನೂ ದುಡಿಯುತ್ತಿದೆ’ ಎಂದು ಸಾರುತ್ತಿರಬಹುದು.

ಈ ಊಹೆಗೆ ಬಲ ಕೊಟ್ಟ ಅಧ್ಯಯನ ಬಂದಿದ್ದು 2018ರಲ್ಲಿ, ಬ್ರಿಟನ್ನಿನಿಂದ. ನನ್ನ ಮಟ್ಟಿಗೆ ಈ ಇಡೀ ಕಥೆಯಲ್ಲಿ ಅತ್ಯಂತ ರೋಮಾಂಚಕಾರಿಯಾದ ಭಾಗ ಇದೇ. ಅಲ್ಲಿನ ಎಕ್ಸೆಟರ್ ವಿಶ್ವವಿದ್ಯಾಲಯದ ಜುವಾವ್ ಡೆಲ್ಗಾಡೊ, ಡೇವಿಡ್ ಮೆಲ್ಜರ್ ಮತ್ತು ಅಮೆರಿಕದ ಜಾರ್ಜ್ ಕುಶೆಲ್ ಮುಂತಾದವರು ತೀರಿಹೋದ 46,634 ಮಂದಿಯ ದಾಖಲೆಗಳನ್ನು ಕೈಗೆತ್ತಿಕೊಂಡರು. ಎಲ್ಲರೂ 60 ದಾಟಿ ಸತ್ತವರು. ಹುಟ್ಟಿನಿಂದ ಮುಂದಕ್ಕೆ ನೋಡುವುದು ವಾಡಿಕೆ. ಇವರು ಸಾವಿನ ದಿನದಿಂದ ಹಿಂದಕ್ಕೆ ಇಪ್ಪತ್ತು ವರ್ಷ ಎಣಿಸಿದರು. ಸಾಯುವ ಹಿಂದಿನ ವರ್ಷ ಬಿಪಿ ಎಷ್ಟಿತ್ತು, ಐದು ವರ್ಷ ಹಿಂದೆ ಎಷ್ಟು, ಹತ್ತು ವರ್ಷ ಹಿಂದೆ ಎಷ್ಟು?

ಸಾವಿಗೆ ಹದಿನಾಲ್ಕು ವರ್ಷ ಮೊದಲೇ ಬಿಪಿ ಇಳಿಯಲು ಶುರುವಾಗಿತ್ತು! ಹದಿನಾಲ್ಕು ವಾರ ಎಂದಿದ್ದರೂ ಅಚ್ಚರಿಯೇ. ಇದು ಹದಿನಾಲ್ಕು ವರ್ಷ! ಆ ಹೊತ್ತಿಗೆ ಆ ಮನುಷ್ಯ ಆರಾಮಾಗಿ ಓಡಾಡಿಕೊಂಡಿದ್ದಿರಬಹುದು, ಮೊಮ್ಮಕ್ಕಳ ಮದುವೆಯ ಓಡಾಟದಲ್ಲಿದ್ದಿರಬಹುದು. ದೇಹದೊಳಗೆ ಮಾತ್ರ ಏನೋ ಹೊರಳಿ ಇಳಿಜಾರು ಹಿಡಿದಾಗಿತ್ತು. 90 ದಾಟಿ ಸತ್ತವರಲ್ಲಿ ಇಳಿತ ಅತಿ ಹೆಚ್ಚು, ಸರಾಸರಿ 22 ಮಿಲಿಮೀಟರ್. ಬಿಪಿ ಮಾತ್ರೆ ತೆಗೆದುಕೊಳ್ಳುತ್ತಿದ್ದವರಲ್ಲಿ, ಹೃದಯ ಸೋತವರಲ್ಲಿ, ಮರೆಗುಳಿತನ ಬಂದವರಲ್ಲಿ, ತೂಕ ಕಳೆದುಕೊಂಡವರಲ್ಲಿ ಇಳಿತ ಇನ್ನೂ ಜೋರು. ಮಾತ್ರೆಯನ್ನೇ ಮುಟ್ಟದವರಲ್ಲೂ, ಈ ಯಾವ ಕಾಯಿಲೆಯೂ ಇಲ್ಲದವರಲ್ಲೂ ಇಳಿಯದೆ ಇರಲಿಲ್ಲ.

ಲೈಡನ್ನಿನ ಒಗಟಿನ ಒಂದು ದೊಡ್ಡ ತುಂಡು ಇಲ್ಲಿ ಬಿಡಿಸಿಕೊಳ್ಳುತ್ತದೆ. 85ರಲ್ಲಿ ಬಿಪಿ ಕಡಿಮೆ ಇದ್ದವರು ಸತ್ತಿದ್ದು ಬಿಪಿ ಕಡಿಮೆಯಾಗಿದ್ದಕ್ಕೇ ಎಂದು ಹೇಳಲಾಗದು. ಎಷ್ಟೋ ಮಂದಿಯಲ್ಲಿ ಸಾವಿನ ಕಡೆಗಿನ ಇಳಿತ ಮೊದಲೇ ಶುರುವಾಗಿತ್ತು, ಬಿಪಿ ಅದನ್ನು ತೋರಿಸುತ್ತಿತ್ತು. 1998ರಲ್ಲಿ ಲೈಡನ್ನಿನದೇ ಇನ್ನೊಂದು ತಂಡ ಈ ಎಚ್ಚರಿಕೆ ಕೊಟ್ಟಿತ್ತು. 85 ದಾಟಿದವರ ಉಳಿದ ಆರೋಗ್ಯವನ್ನೂ ಲೆಕ್ಕಕ್ಕೆ ಸೇರಿಸಿಕೊಂಡರೆ ಕಡಿಮೆ ಬಿಪಿಗೂ ಸಾವಿಗೂ ಇರುವ ನಂಟು ಬಹುಮಟ್ಟಿಗೆ ಕರಗಿಹೋಗುತ್ತದೆ ಎಂದು ಅದು ತೋರಿಸಿತ್ತು. ಯಾವುದು ಕಾರಣ, ಯಾವುದು ಪರಿಣಾಮ ಎಂಬ ಈ ಜಗ್ಗಾಟ ಇಂದಿಗೂ ಪೂರ್ತಿ ಮುಗಿದಿಲ್ಲ.

ಹಾಗಿದ್ದರೆ ವಯಸ್ಸೊಂದನ್ನೇ ನೋಡುವುದರಿಂದ ಏನು ಪ್ರಯೋಜನ? 85ರಲ್ಲಿ ಗದ್ದೆ ಬದುವಿನ ಮೇಲೆ ನಡೆದು ಬರುವವರೂ ಇದ್ದಾರೆ, 70ಕ್ಕೇ ಗೋಡೆ ಹಿಡಿದು ಬಚ್ಚಲಿಗೆ ಹೋಗುವವರೂ ಇದ್ದಾರೆ. ಅಮೆರಿಕದ ಮಿಶೆಲ್ ಆಡನ್ ಮತ್ತು ಸಂಗಡಿಗರು ಈ ಪ್ರಶ್ನೆಯನ್ನು ಎಷ್ಟು ಸರಳವಾಗಿ ಕೇಳಿದರೆಂದರೆ, ಆ ಸರಳತೆಗೇ ಕೈಮುಗಿಯಬೇಕು ಅನಿಸುತ್ತದೆ. 65 ದಾಟಿದ 2,340 ಮಂದಿಯ ದಾಖಲೆ ಅವರ ಬಳಿ ಇತ್ತು. ದೊಡ್ಡ ಯಂತ್ರ, ಸ್ಕ್ಯಾನು, ರಕ್ತಪರೀಕ್ಷೆ ಯಾವುದೂ ಬೇಡ. ಇಪ್ಪತ್ತು ಅಡಿ ನಡೆಯಿರಿ ಎಂದು ಹೇಳಿ ಗಡಿಯಾರ ನೋಡಿದ್ದಷ್ಟೇ.

ಇಪ್ಪತ್ತು ಅಡಿ ಎಂದರೆ ಸುಮಾರು ಆರು ಮೀಟರ್, ನಮ್ಮ ಊರುಮನೆಗಳ ಪಡಸಾಲೆಯ ಈ ತುದಿಯಿಂದ ಆ ತುದಿಗೆ. ಸೆಕೆಂಡಿಗೆ 0.8 ಮೀಟರ್ ವೇಗ ಎಂಬುದು ಅವರು ಎಳೆದ ಗೆರೆ. ಲೆಕ್ಕ ಹಾಕಿದರೆ ಏಳೂವರೆ ಸೆಕೆಂಡಿನಲ್ಲಿ ಆ ತುದಿ ಮುಟ್ಟಬೇಕು. ಹಾಗೆ ಮುಟ್ಟಿದವರಲ್ಲಿ ಹಳೆಯ ಪಾಠವೇ ಸರಿ, ಮೇಲಿನ ಅಂಕಿ ಏರಿದ್ದರೆ ಸಾವು ಹೆಚ್ಚು. ನಿಧಾನಕ್ಕೆ ನಡೆದವರಲ್ಲಿ ಬಿಪಿಗೂ ಸಾವಿಗೂ ನಂಟೇ ಕಾಣಲಿಲ್ಲ. ಮೂರನೆಯ ಗುಂಪು ನಡಿಗೆಯನ್ನು ಪೂರೈಸಲಾಗದವರದು. ಅವರಲ್ಲಿ ಲೆಕ್ಕ ಪೂರ್ತಿ ಉಲ್ಟಾ. ಬಿಪಿ ಏರಿದ್ದವರಲ್ಲಿ ಸಾವಿನ ಅಪಾಯ, ಏರದವರಿಗೆ ಹೋಲಿಸಿದರೆ ಅರ್ಧಕ್ಕಿಂತಲೂ ಕಡಿಮೆ! 2012ರಲ್ಲಿ ಇದು ಪ್ರಕಟವಾದಾಗ, ಬಿಪಿಯ ಅರ್ಥವನ್ನು ಬದಲಿಸುವುದು ಹುಟ್ಟಿದ ಇಸವಿಗಿಂತ ಹೆಚ್ಚಾಗಿ ಕಾಲಿನ ಕಸುವು ಎಂಬ ಹೊಸ ನೋಟ ತೆರೆಯಿತು. ವೈದ್ಯರ ಕೋಣೆಯ ಬಾಗಿಲಿನಿಂದ ಕುರ್ಚಿಯವರೆಗೆ ಒಬ್ಬ ಹಿರಿಯರು ಹೇಗೆ ನಡೆದು ಬಂದರು ಎಂಬುದು ಬಿಪಿ ಮೀಟರಿನಷ್ಟೇ ಮಾತಾಡುತ್ತದೆ.

ಮೆದುಳಿನ ವಿಚಾರದಲ್ಲಿ ಕ್ಯಾಲಿಫೋರ್ನಿಯಾದಿಂದ ಬಂದ ಸುದ್ದಿ ಇನ್ನಷ್ಟು ವಿಚಿತ್ರ. ಅಲ್ಲಿ ‘ಲೀಷರ್ ವರ್ಲ್ಡ್’ ಎಂಬ ನಿವೃತ್ತರ ಬಡಾವಣೆಯ ಸಾವಿರಾರು ನಿವಾಸಿಗಳು 1980ರ ದಶಕದ ಆರಂಭದಲ್ಲಿ ತಮ್ಮ ಊಟ, ಅಭ್ಯಾಸ, ಕಾಯಿಲೆಗಳ ಬಗ್ಗೆ ಒಂದು ಪ್ರಶ್ನಾವಳಿ ತುಂಬಿ ಕೊಟ್ಟಿದ್ದರು. ಇಪ್ಪತ್ತು ವರ್ಷವಾದ ಮೇಲೆ, 2003ರಲ್ಲಿ, ಕ್ಲಾಡಿಯಾ ಕವಾಸ್ ಅವರ ತಂಡ ಆ ಹಳೆಯ ಕಾಗದಗಳ ಜಾಡು ಹಿಡಿದು ಅವರಲ್ಲಿ 90 ದಾಟಿ ಬದುಕಿರುವವರನ್ನು ಹುಡುಕಿ ಹೊರಟಿತು. ಮರೆಗುಳಿತನ ಇಲ್ಲದ 559 ಮಂದಿಯನ್ನು ಹಿಂಬಾಲಿಸಿ ಮರಿಯಾ ಕೊರಾಡಾ ಮತ್ತಿತರರು 2017ರಲ್ಲಿ ಹೇಳಿದ್ದು ಇದು: ಬಿಪಿ ಎಂದೂ ಬಾರದವರಿಗಿಂತ, 80ರಿಂದ 89ರ ನಡುವೆ ಬಿಪಿ ಬಂದವರಲ್ಲಿ ಮರೆಗುಳಿತನದ ಅಪಾಯ ಶೇ. 42ರಷ್ಟು ಕಡಿಮೆ. 90 ದಾಟಿದ ಮೇಲೆ ಬಂದವರಲ್ಲಿ ಶೇ. 63ರಷ್ಟು ಕಡಿಮೆ! ನಡುವಯಸ್ಸಿನಲ್ಲಿ ಮೆದುಳನ್ನು ತಿನ್ನುವ ಬಿಪಿ, ತೊಂಬತ್ತು ದಾಟಿದ ಮೇಲೆ ಹೊಸದಾಗಿ ಬಂದರೆ ಮೆದುಳು ಉಳಿದವರ ಲಕ್ಷಣವಾಗಿ ಕಾಣುತ್ತದೆ.

ನೂರು ದಾಟಿದವರೆಲ್ಲ ಕಾಯಿಲೆಯನ್ನೇ ಕಾಣದವರು ಎಂದು ನಾವು ಅಂದುಕೊಳ್ಳುವುದುಂಟು. ಬಾಸ್ಟನ್ನಿನಲ್ಲಿ ಶತಾಯುಷಿಗಳ ಅಧ್ಯಯನ ಕಟ್ಟಿದ ಥಾಮಸ್ ಪರ್ಲ್ಸ್ ಅವರ ತಂಡ 424 ಶತಾಯುಷಿಗಳ ಆರೋಗ್ಯದ ಚರಿತ್ರೆ ಕೆದಕಿತು. ಬಿಪಿಯೂ ಸೇರಿದಂತೆ ಮುಪ್ಪಿನ ದೊಡ್ಡ ಕಾಯಿಲೆಗಳಲ್ಲಿ ಒಂದೂ ಇಲ್ಲದೆ ನೂರು ಮುಟ್ಟಿದವರು ಗಂಡಸರಲ್ಲಿ ಶೇ. 32, ಹೆಂಗಸರಲ್ಲಿ ಶೇ. 15 ಮಾತ್ರ. ಹೆಂಗಸರಲ್ಲಿ ಶೇ. 43 ಮಂದಿಗೆ ಎಂಬತ್ತಕ್ಕೂ ಮೊದಲೇ ಕಾಯಿಲೆ ಬಂದಿತ್ತು. ಕಾಯಿಲೆಯನ್ನು ಹೊತ್ತುಕೊಂಡೇ ಆ ತಾಯಂದಿರು ಇಪ್ಪತ್ತು ವರ್ಷ ಬದುಕಿ ನೂರು ಮುಟ್ಟಿದ್ದರು. ಬಿಪಿ ಯಾರ ನಾಳಗಳನ್ನು ಒಡೆಯುತ್ತದೋ ಅವರು ಅರವತ್ತು ಎಪ್ಪತ್ತರಲ್ಲೇ ಹೋಗಿಬಿಟ್ಟಿರುತ್ತಾರೆ. ತೊಂಬತ್ತೈದರಲ್ಲಿ ನಮ್ಮೆದುರು ಕೂತಿರುವುದು ಆ ಎಲ್ಲ ಪೆಟ್ಟು ತಾಳಿಕೊಂಡ ದೇಹ. ಅಂಥವರ ಬಿಪಿಯನ್ನು ಐವತ್ತರವರ ಅಳತೆಗೋಲಿನಿಂದ ಅಳೆಯುವುದು ಸರಿಯಾಗಲಾರದು.

ಇಷ್ಟು ಓದಿದವರಿಗೆ ಮನೆಯ ಹಿರಿಯರ ಮಾತ್ರೆಯ ಡಬ್ಬಿ ಕಣ್ಣಮುಂದೆ ಬಂದಿರಬಹುದು. ತಡೆಯಿರಿ! ಕಥೆ ಇಲ್ಲಿ ಇನ್ನೊಮ್ಮೆ ಮಗ್ಗುಲು ಬದಲಿಸುತ್ತದೆ.

ಎಂಬತ್ತು ದಾಟಿದವರಿಗೆ ಬಿಪಿ ಮಾತ್ರೆ ಕೊಡುವುದು ಒಳ್ಳೆಯದೋ ಕೆಟ್ಟದ್ದೋ ಎಂದು ಪರೀಕ್ಷಿಸಲು ಲಂಡನ್ನಿನ ಇಂಪೀರಿಯಲ್ ಕಾಲೇಜಿನ ತಂಡ ಒಂದು ಭಾರಿ ಪ್ರಯೋಗಕ್ಕೆ ಇಳಿಯಿತು. ಹೈವೆಟ್ ಎಂದು ಅದರ ಹೆಸರು. ಯುರೋಪು, ಚೀನಾ, ಆಸ್ಟ್ರೇಲಿಯಾ, ಟ್ಯುನೀಷಿಯಾ ಮುಂತಾದ ಕಡೆಗಳಿಂದ 80 ದಾಟಿದ 3,845 ಮಂದಿ ಸೇರಿದರು. ಎಲ್ಲರ ಮೇಲಿನ ಅಂಕಿಯೂ 160 ಅಥವಾ ಅದಕ್ಕಿಂತ ಹೆಚ್ಚು, ಸರಾಸರಿ 173. ಅರ್ಧ ಜನಕ್ಕೆ ಇಂಡಾಪಮೈಡ್ ಎಂಬ ಅಗ್ಗದ ಮಾತ್ರೆ, ಬೇಕಾದರೆ ಜೊತೆಗೆ ಪೆರಿಂಡೋಪ್ರಿಲ್. ಉಳಿದರ್ಧಕ್ಕೆ ಮದ್ದಿಲ್ಲದ ಹುಸಿ ಮಾತ್ರೆ. 150/80ಕ್ಕೆ ಇಳಿಸುವುದು ಗುರಿ. ಅದಕ್ಕಿಂತ ಕೆಳಗೆ ಬೇಡ ಎಂಬ ಸಂಯಮ ಅದರಲ್ಲಿತ್ತು.

ಲೈಡನ್, ಟಾಂಪೆರೆಗಳನ್ನು ಓದಿದ್ದವರಿಗೆ ಮಾತ್ರೆ ಕೊಟ್ಟವರಲ್ಲೇ ಸಾವು ಹೆಚ್ಚಬಹುದೇನೋ ಎಂಬ ಅಳುಕು ಇತ್ತು. ಆದದ್ದು ಬೇರೆಯೇ. ಮಾತ್ರೆ ನುಂಗಿದವರಲ್ಲಿ ಸಾವು ಎಷ್ಟು ಕಡಿಮೆಯಾಯಿತೆಂದರೆ, ಹುಸಿ ಮಾತ್ರೆ ಕೊಡುವುದನ್ನು ಮುಂದುವರಿಸುವುದೇ ತಪ್ಪಾದೀತು ಎಂದು 2007ರಲ್ಲಿ ಪ್ರಯೋಗವನ್ನೇ ಅವಧಿಗೆ ಮುನ್ನ ನಿಲ್ಲಿಸಬೇಕಾಯಿತು! 2008ರಲ್ಲಿ ಹೊರಬಂದ ಲೆಕ್ಕದಲ್ಲಿ ಒಟ್ಟು ಸಾವು ಶೇ. 21ರಷ್ಟು ಕಡಿಮೆ, ಲಕ್ವದಿಂದ ಆಗುವ ಸಾವು ಶೇ. 39ರಷ್ಟು ಕಡಿಮೆ, ಹೃದಯ ಸೋಲುವುದು ಶೇ. 64ರಷ್ಟು ಕಡಿಮೆ. ಎಂಬತ್ತು ದಾಟಿದ ಮೇಲೂ ಏರಿದ ಬಿಪಿಯನ್ನು ಹದಕ್ಕೆ ತಂದರೆ ಜೀವ ಉಳಿಯುತ್ತದೆ.

ಎರಡೂ ನಿಜವಾಗುವುದು ಹೇಗೆ? ಹೈವೆಟ್‌ಗೆ ಸೇರಿದವರು ಆ ವಯಸ್ಸಿನ ಸಾಮಾನ್ಯರಿಗಿಂತ ಗಟ್ಟಿಮುಟ್ಟಾದವರು. ಲೈಡನ್ನಿನ ನರ್ಸ್ ಹಾಸಿಗೆ ಹಿಡಿದವರ ಬಳಿಗೂ ಹೋಗಿದ್ದಳು. ಮಾತ್ರೆ ನುಂಗುವ 85 ದಾಟಿದವರನ್ನಷ್ಟೇ ಆರಿಸಿ ಲೈಡನ್ನಿನಲ್ಲಿ ಮತ್ತೆ ಲೆಕ್ಕ ಹಾಕಿದಾಗ, ಮೇಲಿನ ಅಂಕಿ ಹತ್ತು ಕಡಿಮೆಯಾದಂತೆಲ್ಲ ಸಾವಿನ ಅಪಾಯ ಶೇ. 29ರಷ್ಟು ಹೆಚ್ಚಿತ್ತು. ಫ್ರಾನ್ಸ್ ಮತ್ತು ಇಟಲಿಯ ವೃದ್ಧಾಶ್ರಮಗಳಲ್ಲಿ 80 ದಾಟಿದ 1,127 ಮಂದಿಯನ್ನು ಎರಡು ವರ್ಷ ಗಮನಿಸಿದ ಅಥನಾಸ್ ಬೆನೆಟೋಸ್ ಅವರ ತಂಡವೂ ಇಂಥದ್ದೇ ಸಂಗತಿ ಕಂಡಿತು. ಎರಡೋ ಹೆಚ್ಚೋ ಬಿಪಿ ಮಾತ್ರೆ ನುಂಗುತ್ತ ಮೇಲಿನ ಅಂಕಿ 130ಕ್ಕಿಂತ ಕೆಳಗಿದ್ದವರಲ್ಲಿ ಶೇ. 32 ಮಂದಿ ತೀರಿಕೊಂಡಿದ್ದರು, ಉಳಿದವರಲ್ಲಿ ಸುಮಾರು ಶೇ. 20.

ಹಾಗಾದರೆ ಮಾತ್ರೆ ಇಳಿಸಿದರೆ ಇಂಥವರು ಹೆಚ್ಚು ಕಾಲ ಬದುಕುತ್ತಾರಾ? ಬೆನೆಟೋಸ್ ಅವರು ಅಲ್ಲಿಗೇ ಬಿಡದೆ ಇದನ್ನೂ ಪರೀಕ್ಷಿಸಿದರು. ಫ್ರಾನ್ಸಿನ ವೃದ್ಧಾಶ್ರಮಗಳಲ್ಲಿ ಸಾವಿರಕ್ಕೂ ಹೆಚ್ಚು ಬಲಗುಂದಿದ ಹಿರಿಯರನ್ನು ಎರಡು ಗುಂಪು ಮಾಡಿ, ಒಂದು ಗುಂಪಿನ ಬಿಪಿ ಮಾತ್ರೆಗಳನ್ನು ಹಂತಹಂತವಾಗಿ ಇಳಿಸಿದರು. 2025ರಲ್ಲಿ ಬಂದ ಉತ್ತರ: ಸಾವಿನ ಪ್ರಮಾಣ ಎರಡೂ ಗುಂಪಿನಲ್ಲಿ ಹೆಚ್ಚುಕಡಿಮೆ ಒಂದೇ. ಕಡಿಮೆ ಬಿಪಿ ಸಾವಿನ ಗುರುತೇ ಹೊರತು ಎಲ್ಲ ಸಲವೂ ಸಾವಿನ ಕಾರಣವಲ್ಲ ಎಂಬ ವಾದಕ್ಕೆ ಇದರಿಂದ ಬಲ ಬಂತು. ಅಷ್ಟೊಂದು ಮಾತ್ರೆಗಳನ್ನು ಕಡಿಮೆ ಮಾಡಿದರೂ ಆಯಸ್ಸು ಕುಗ್ಗಲಿಲ್ಲ ಎಂಬುದೂ ಇದರಲ್ಲೇ ಅಡಗಿದೆ. ಇನ್ನೊಂದು ಕಡೆ ಅಮೆರಿಕದ ಸ್ಪ್ರಿಂಟ್ ಪ್ರಯೋಗದಲ್ಲಿ 75 ದಾಟಿದ 2,636 ಮಂದಿಯಲ್ಲಿ 120ರ ಗುರಿ ಇಟ್ಟು ಬಿಪಿ ಇಳಿಸಿದ ಗುಂಪಿನಲ್ಲಿ ಸಾವು ಮೂರನೇ ಒಂದು ಭಾಗ ಕಡಿಮೆಯಾಗಿತ್ತು, ನಿಧಾನಕ್ಕೆ ನಡೆಯುವವರಲ್ಲೂ. ಆದರೆ ಅಲ್ಲಿ ವೃದ್ಧಾಶ್ರಮದವರನ್ನು, ಸಕ್ಕರೆ ಕಾಯಿಲೆಯವರನ್ನು, ಹಿಂದೆ ಲಕ್ವ ಹೊಡೆದವರನ್ನು ಸೇರಿಸಿಕೊಂಡಿರಲಿಲ್ಲ.

ಚೀನಾದ ಲೆಕ್ಕ ನನಗೆ ಹೆಚ್ಚು ಮನಸ್ಸಿಗೆ ಒಪ್ಪುತ್ತದೆ. ಸರಾಸರಿ 92 ವರ್ಷದ 4,658 ಮಂದಿಯನ್ನು ಮೂರು ವರ್ಷ ಹಿಂಬಾಲಿಸಿ 2018ರಲ್ಲಿ ಪ್ರಕಟಿಸಿದ ಆ ಅಧ್ಯಯನದಲ್ಲಿ ಸಾವಿನ ಗೆರೆ ನಡುವೆ ತಗ್ಗಿ ಎರಡೂ ಕಡೆ ಏರುತ್ತದೆ. ತಗ್ಗಿನ ತಳ 143ರ ಆಸುಪಾಸು. 154 ದಾಟಿದರೆ ಹೃದಯ, ರಕ್ತನಾಳಗಳ ಕಾಯಿಲೆಯಿಂದ ಸಾವು ಹೆಚ್ಚು. 107ಕ್ಕಿಂತ ಇಳಿದರೆ ಬೇರೆ ಕಾರಣಗಳ ಸಾವು ಹೆಚ್ಚು. ಎತ್ತರದಲ್ಲೂ ಅಪಾಯ ಉಂಟು, ಆಳದಲ್ಲೂ ಉಂಟು.

ಈ ಅಂಕಿಗಳಲ್ಲಿ ನಮ್ಮ ನಾಡಿನ ಅಜ್ಜ ಅಜ್ಜಿಯರು ಇಲ್ಲ. ಆದರೆ ಕೋಲಾರ ಜಿಲ್ಲೆಯ ಶ್ರೀನಿವಾಸಪುರದ ಹಳ್ಳಿಗಳಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿರುವ ಮೆದುಳು ಸಂಶೋಧನಾ ಕೇಂದ್ರ 45 ದಾಟಿದವರನ್ನು ವರ್ಷಗಟ್ಟಲೆ ಹಿಂಬಾಲಿಸುವ ಅಧ್ಯಯನ ನಡೆಸುತ್ತಿದೆ. ರಾಗಿಮುದ್ದೆ ಉಂಡು ಹೊಲದಲ್ಲಿ ದುಡಿದ ದೇಹಗಳು ಮುಪ್ಪಾಗುವ ಬಗೆ ಅಲ್ಲಿ ದಾಖಲಾಗುತ್ತಿದೆ ಎಂದು ನೆನೆದರೇ ಮನಸ್ಸು ಹಿಗ್ಗುತ್ತದೆ. ಲೈಡನ್ನಿನ 599 ಮಂದಿ ಜಗತ್ತಿಗೆ ಕೊಟ್ಟಿದ್ದನ್ನು ಕೋಲಾರದ ಹಿರಿಯರು ನಮಗೆ ಕೊಡುವ ದಿನ ಬರಲಿ.

ಓದುಗರಲ್ಲಿ ನನ್ನ ಕೋರಿಕೆ ಇಷ್ಟೇ. ಈ ಲೇಖನ ಓದಿ ಮನೆಯ ಹಿರಿಯರ ಬಿಪಿ ಮಾತ್ರೆಯನ್ನು ಯಾವ ಕಾರಣಕ್ಕೂ ನಿಲ್ಲಿಸಬೇಡಿ. ಕೆಲವು ಮಾತ್ರೆಗಳನ್ನು ಥಟ್ಟನೆ ಬಿಟ್ಟರೆ ಬಿಪಿ ಒಮ್ಮೆಲೇ ಜಿಗಿದು ಅನಾಹುತವಾಗಬಹುದು. ಕೂತಾಗ ನೋಡಿದ ಬಿಪಿಯನ್ನು ಎದ್ದು ನಿಂತ ಒಂದು ನಿಮಿಷಕ್ಕೆ, ಮೂರು ನಿಮಿಷಕ್ಕೆ ಮತ್ತೆ ನೋಡಿ. ಮೇಲಿನ ಅಂಕಿ 20 ಅಥವಾ ಕೆಳಗಿನ ಅಂಕಿ 10 ಇಳಿದಿದ್ದರೆ, ಎದ್ದಾಗ ತಲೆಸುತ್ತು ಬರುತ್ತಿದ್ದರೆ, ಊಟವಾದ ಮೇಲೆ ಮಂಕು ಕವಿಯುತ್ತಿದ್ದರೆ, ಇತ್ತೀಚೆಗೆ ಬಿದ್ದಿದ್ದರೆ, ತೂಕ ಇಳಿಯುತ್ತಿದ್ದರೆ ಅದನ್ನೆಲ್ಲ ಬರೆದಿಡಿ. ಅವರು ನುಂಗುವ ಎಲ್ಲ ಮಾತ್ರೆಗಳನ್ನೂ ಒಂದು ಚೀಲಕ್ಕೆ ಹಾಕಿಕೊಂಡು, ಸಾಧ್ಯವಾದರೆ ಅವರನ್ನೂ ನಡೆಸಿಕೊಂಡು ವೈದ್ಯರ ಬಳಿಗೆ ಹೋಗಿ, “ಇವರ ವಯಸ್ಸಿಗೆ, ಇವರ ಶಕ್ತಿಗೆ ಬಿಪಿ ಎಷ್ಟಿರಬೇಕು?” ಎಂದು ಕೇಳಿ. ಈ ಪ್ರಶ್ನೆಯನ್ನು ವರ್ಷಕ್ಕೊಮ್ಮೆಯಾದರೂ ಕೇಳಲೇಬೇಕು, ಏಕೆಂದರೆ ಎಂಬತ್ತೈದು ದಾಟಿದ ಮೇಲೆ ಅದರ ಉತ್ತರ ವರ್ಷದಿಂದ ವರ್ಷಕ್ಕೆ ಬದಲಾಗುತ್ತದೆ.